ಮುರಿದ ಮಾತಿನ ಲೆಕ್ಕ

ಮೊಳಕಾಲ್ಮೂರು ತಾಲ್ಲೂಕಿನ ರಾಂಪುರದ ಸೀಮೆಯಲ್ಲಿ ಗಂಡ ಹೆಂಡಿರ ನಡುವೆ ಕೆಟ್ಟರೆ ಸುದ್ದಿ ಮೊದಲು ಮುಟ್ಟುವುದು ಹಿರಿಯರಿಗೆ. ಎರಡೂ ಕಡೆಯವರು ಗುಡಿಯ ಮುಂದೋ ಅರಳಿಕಟ್ಟೆಯ ಮೇಲೋ ಸೇರುತ್ತಾರೆ. ಮದುವೆಗೆ ಎಷ್ಟು ಖರ್ಚಾಯಿತು, ಯಾರು ಎಷ್ಟು ಬಂಗಾರ ಹಾಕಿದರು, ಮೊದಲು ತಪ್ಪಿದವರು ಯಾರು ಎಂಬುದೆಲ್ಲ ನಾಲ್ಕು ಜನರ ಮುಂದೆ ಬಯಲಾಗುತ್ತದೆ. ಇನ್ನು ಕೂಡಿ ಬಾಳುವುದು ಆಗದು ಎಂದು ಖಾತ್ರಿಯಾದ ಮೇಲೆ ಯಾರಾದರೊಬ್ಬರು ಹೋಗಿ ಛಾಪಾ ಕಾಗದ ತರುತ್ತಾರೆ. ಇಬ್ಬರಿಗೂ ಇಂದಿನಿಂದ ಸಂಬಂಧವಿಲ್ಲ, ಯಾರು ಯಾರನ್ನು ಕಟ್ಟಿಕೊಂಡರೂ ತಕರಾರಿಲ್ಲ ಎಂದು ಬರೆದು, ಪಂಚರ ಸಹಿ ಹಾಕಿಸಿ, ಹೆಬ್ಬೆಟ್ಟು ಒತ್ತಿಸುತ್ತಾರೆ. ಜನ ಇದನ್ನು ಬಿಡುಗಡೆ ಪತ್ರ ಎನ್ನುತ್ತಾರೆ. ‘ಬಾಂಡ್ ಮೇಲೆ ಬರೆಸಿಕೊಂಡಿದೀವಿ’ ಎಂದರೆ ಅಲ್ಲಿಗೆ ಮುಗಿಯಿತು.

ವಕೀಲರನ್ನು ಕೇಳಿದರೆ ಆ ಕಾಗದಕ್ಕೆ ಕಿಮ್ಮತ್ತಿಲ್ಲ ಎಂದುಬಿಡುತ್ತಾರೆ. ಅದು ಪೂರ್ತಿ ಸರಿಯಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 29(2)ನೇ ಕಲಂ ರೂಢಿಯಿಂದ ಬಂದ ಬಿಡುಗಡೆಯ ಹಕ್ಕನ್ನು ಮುಟ್ಟದೆ ಉಳಿಸಿದೆ. ಅಂಥ ರೂಢಿ ತಮ್ಮ ಕುಲದಲ್ಲಿದೆ ಎನ್ನುವವರು ಅದನ್ನು ಕೋರ್ಟಿನಲ್ಲಿ ಸ್ಪಷ್ಟವಾಗಿ ಹೇಳಿ ಸಾಬೀತುಪಡಿಸಬೇಕು ಎಂದು 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇದಕ್ಕಿಂತ ದೊಡ್ಡ ಸಂಗತಿ ಅದೇ ಕಾಯ್ದೆಯ 2(2)ನೇ ಕಲಮಿನಲ್ಲಿದೆ. ಕೇಂದ್ರ ಸರ್ಕಾರ ಬೇರೆ ಅಧಿಸೂಚನೆ ಹೊರಡಿಸದ ಹೊರತು ಈ ಕಾಯ್ದೆ ಪರಿಶಿಷ್ಟ ಪಂಗಡಗಳಿಗೆ ಅನ್ವಯಿಸುವುದೇ ಇಲ್ಲ. ಮೊಳಕಾಲ್ಮೂರು, ಚಳ್ಳಕೆರೆ ಎರಡೂ ವಿಧಾನಸಭಾ ಕ್ಷೇತ್ರಗಳು ಪರಿಶಿಷ್ಟ ಪಂಗಡಕ್ಕೆ ಮೀಸಲು. ಮ್ಯಾಸಬೇಡರೂ ಸೇರಿದ ನಾಯಕ ಸಮುದಾಯ ಇಲ್ಲಿ ದೊಡ್ಡದು. ಎಂದರೆ ಈ ಸೀಮೆಯ ಬಹಳಷ್ಟು ಮನೆಗಳ ಮದುವೆ ದೆಹಲಿಯಲ್ಲಿ ಬರೆದ ಕಾಯ್ದೆಯ ಕೆಳಗೆ ಬರುವುದಿಲ್ಲ. ಕುಲದ ರೂಢಿ, ಕಟ್ಟೆಮನೆಯ ಮಾತು, ಎರಡು ಮನೆಗಳ ಒಪ್ಪಂದ ಇವುಗಳ ಕೆಳಗೆ ಬರುತ್ತದೆ.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಮದುವೆಯಿಂದ ಸರ್ಕಾರ ದೂರ ಸರಿಯಬೇಕು, ಅದನ್ನು ಇಬ್ಬರು ವಯಸ್ಕರ ಕರಾರಾಗಿ ಬಿಟ್ಟುಬಿಡಬೇಕು ಎಂದು ವಾದಿಸುವ ಒಂದು ಚಿಂತನೆ ಜಗತ್ತಿನಲ್ಲಿದೆ. ಇಂಗ್ಲಿಷಿನಲ್ಲಿ ಅವರನ್ನು ಲಿಬರ್ಟೇರಿಯನ್ನರು ಎನ್ನುತ್ತಾರೆ. ನಾವು ಸ್ವಾತಂತ್ರ್ಯವಾದಿಗಳು ಎನ್ನೋಣ. ಅವರ ತರ್ಕ ಸರಳ. ನನ್ನ ದೇಹ ನನ್ನದು, ನನ್ನ ದುಡಿಮೆ ನನ್ನದು, ನಾನು ಒಪ್ಪಿ ಕೊಟ್ಟ ಮಾತು ನನ್ನನ್ನು ಕಟ್ಟುತ್ತದೆ. ಆ ಮಾತಿಗೆ ತಪ್ಪಿದರೆ ಕೇಳುವ ಹಕ್ಕು ನಾನು ಯಾರಿಗೆ ಮಾತು ಕೊಟ್ಟೆನೋ ಅವರದು, ಪೊಲೀಸರದಲ್ಲ. ಅಮೆರಿಕದ ಮರ್ರೆ ರಾತ್‌ಬಾರ್ಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಬರಿಯ ಮಾತನ್ನು ಕಾನೂನು ಜಾರಿ ಮಾಡಕೂಡದು, ಆ ಮಾತಿನ ಜೊತೆಗೆ ಸ್ವತ್ತು ಕೈ ಬದಲಾಗಿದ್ದರೆ ಮಾತ್ರ ಅದನ್ನು ವಾಪಸು ಕೇಳಬಹುದು ಎಂಬುದು ಅವನ ನಿಲುವು. ಈ ಲೆಕ್ಕದಲ್ಲಿ ದಾಂಪತ್ಯದ್ರೋಹ ಮಾತು ಮುರಿದಂತೆ ಹೌದು, ಅಪರಾಧ ಅಲ್ಲ.

ಮದುವೆಯ ವಿಷಯದಲ್ಲಿ ಈ ವಾದಕ್ಕೆ ಎರಡು ಶತಮಾನಕ್ಕೂ ಮಿಕ್ಕ ಚರಿತ್ರೆಯಿದೆ. ಜರ್ಮನಿಯ ವಿಲ್ಹೆಲ್ಮ್ ಫಾನ್ ಹಂಬೋಲ್ಟ್ ರಾಜ್ಯದ ಎಲ್ಲೆಗಳ ಬಗ್ಗೆ ಬರೆಯುತ್ತ, ಮದುವೆ ಹೃದಯದ ವಿಷಯವಾದ್ದರಿಂದ ಇಬ್ಬರಲ್ಲಿ ಒಬ್ಬರ ಮನಸ್ಸು ಮುರಿದರೆ ಸಾಕು, ಅದು ಮುಗಿಯಬೇಕು ಎಂದ. 1859ರಲ್ಲಿ ‘ಆನ್ ಲಿಬರ್ಟಿ’ ಬರೆದ ಜಾನ್ ಸ್ಟೂವರ್ಟ್ ಮಿಲ್ ಹಂಬೋಲ್ಟನನ್ನು ಬಹಳ ಗೌರವಿಸುತ್ತಿದ್ದ, ಆದರೂ ಇಲ್ಲಿ ಅವನನ್ನು ತಡೆದು ನಿಲ್ಲಿಸಿದ. ಒಬ್ಬರ ಮಾತನ್ನು ನಂಬಿ ಇನ್ನೊಬ್ಬರು ತಮ್ಮ ಇಡೀ ಬದುಕನ್ನು ಅದರ ಮೇಲೆ ಕಟ್ಟಿಕೊಂಡಿರುತ್ತಾರೆ, ಮಕ್ಕಳು ಹುಟ್ಟಿರುತ್ತಾರೆ. ಹೊರಟುಹೋಗುವ ಸ್ವಾತಂತ್ರ್ಯ ಇದ್ದರೂ ಆ ಹೊಣೆ ಹಾಗೇ ಉಳಿಯುತ್ತದೆ ಎಂಬುದು ಮಿಲ್ಲನ ತಿದ್ದುಪಡಿ. ಅದೇ ಮಿಲ್ 1851ರಲ್ಲಿ ಹ್ಯಾರಿಯೆಟ್ ಟೇಲರ್‌ಳನ್ನು ಮದುವೆಯಾಗುವ ಮುನ್ನ, ಹೆಂಡತಿಯ ಮೈ, ಆಸ್ತಿ, ಬದುಕಿನ ಮೇಲೆ ಅಂದಿನ ಕಾನೂನು ಗಂಡನಿಗೆ ಕೊಡುತ್ತಿದ್ದ ಅಧಿಕಾರ ತನಗೆ ಬೇಡವೆಂದು ಬರೆದು ಸಹಿ ಹಾಕಿದ್ದ. ನನಗೆ ಅವನ ಪುಸ್ತಕದಷ್ಟೇ ಈ ಒಂದು ಹಾಳೆಯೂ ಮುಖ್ಯ ಅನ್ನಿಸುತ್ತದೆ. ಕರಾರು ಮಾಡಿಕೊಳ್ಳುವವರು ಸಮಾನರಾಗಿ ಕೂರದಿದ್ದರೆ ಆ ಕರಾರಿಗೆ ಅರ್ಥವಿಲ್ಲ ಎಂಬುದನ್ನು ಅವನು ತನ್ನ ಮದುವೆಯಲ್ಲೇ ತೋರಿಸಿದ.

ನಮ್ಮಲ್ಲಿ ಸರ್ಕಾರ ಹಾದರದ ವಿಷಯಕ್ಕೆ ಕೈ ಹಾಕಿದ ಬಗೆಯನ್ನು ನೋಡಿದರೆ ಸ್ವಾತಂತ್ರ್ಯವಾದಿಗಳ ಸಿಟ್ಟು ಅರ್ಥವಾಗುತ್ತದೆ. ಹಳೆ ಮೈಸೂರಿನಲ್ಲಿ ಮದುವೆಯಾದರೆ ತೆರಿಗೆ ಇತ್ತು, ಹಾದರ ಮಾಡಿದರೆ ತೆರಿಗೆ ಇತ್ತು, ಮಗು ಹುಟ್ಟಿದರೆ, ಅದಕ್ಕೆ ಹೆಸರಿಟ್ಟರೆ, ತಲೆ ಬೋಳಿಸಿದರೂ ತೆರಿಗೆ ಇತ್ತು. 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಇಂಥ 769 ಚಿಲ್ಲರೆ ತೆರಿಗೆಗಳನ್ನು ತೆಗೆದುಹಾಕಿದ ಎಂದು ಬಿ.ಎಲ್. ರೈಸ್ ತಮ್ಮ ಗ್ಯಾಸೆಟಿಯರಿನಲ್ಲಿ ದಾಖಲಿಸಿದ್ದಾರೆ. ಹಾದರ ಪಾಪವೆಂದು ಸಾರುವ ದೊರೆತನ ಅದನ್ನೇ ಬೊಕ್ಕಸಕ್ಕೆ ಆದಾಯ ಮಾಡಿಕೊಂಡಿತ್ತು. ಜನರ ಹಾಸಿಗೆಯ ಮೇಲೆ ದಂಡ ಹಾಕುವ ಅಧಿಕಾರ ಸಿಕ್ಕರೆ ಅದು ಧರ್ಮದ ಕೆಲಸವಾಗಿ ಉಳಿಯುವುದಿಲ್ಲ, ವಸೂಲಿಯ ದಾರಿಯಾಗುತ್ತದೆ ಎನ್ನಲು ದೂರದ ಉದಾಹರಣೆ ಬೇಕಿಲ್ಲ.

ಇದೇ ಹೊತ್ತಿನಲ್ಲಿ ಮೆಕಾಲೆ 1837ರ ದಂಡಸಂಹಿತೆಯ ಕರಡು ಬರೆಯುತ್ತಿದ್ದ. ಆ ಕರಡಿನಲ್ಲಿ ಹಾದರ ಅಪರಾಧವಾಗಿರಲಿಲ್ಲ. ಕರಡಿಗೆ ಅವನು ಕೊಟ್ಟ ಟಿಪ್ಪಣಿಯಲ್ಲಿ ಇಂದಿಗೂ ಓದುವಂಥ ಒಂದು ವಿವೇಕವಿದೆ. ಈ ದೇಶದ ಹೆಣ್ಣನ್ನು ಎಳವೆಯಲ್ಲೇ ಮದುವೆ ಮಾಡಿಬಿಡುತ್ತಾರೆ, ಪ್ರಾಯ ಇಳಿಯುವ ಮೊದಲೇ ಸವತಿ ಬರುತ್ತಾಳೆ. ಗಂಡಸು ಮನೆ ತುಂಬ ಹೆಂಡಿರನ್ನು ತುಂಬಿಕೊಳ್ಳಲು ಬಿಟ್ಟ ಕಾನೂನು ಹೆಂಡತಿಯ ಚಂಚಲತೆಯನ್ನು ಶಿಕ್ಷಿಸಲು ಹೊರಡುವುದು ನ್ಯಾಯವಲ್ಲ ಎಂಬುದು ಅದರ ಸಾರ. ಆಮೇಲೆ ಬಂದವರು ಹಾದರವನ್ನು ಸಂಹಿತೆಗೆ ಸೇರಿಸಿದರು, ಹೆಣ್ಣಿನ ಈ ಸ್ಥಿತಿಯನ್ನು ನೆನೆದು ಗಂಡಸಿಗೆ ಮಾತ್ರ ಶಿಕ್ಷೆ ಎಂದರು. ಹೀಗೆ 1860ರ ಭಾರತೀಯ ದಂಡಸಂಹಿತೆಗೆ 497ನೇ ಕಲಂ ಬಂತು.

ಆ ಕಲಮನ್ನು ಒಮ್ಮೆ ಬಿಡಿಸಿ ನೋಡಬೇಕು. ಪರರ ಹೆಂಡತಿಯ ಜೊತೆ ಆ ಗಂಡನ ಒಪ್ಪಿಗೆಯಿಲ್ಲದೆ ಕೂಡಿದ ಗಂಡಸಿಗೆ 5 ವರ್ಷದವರೆಗೆ ಜೈಲು. ಗಂಡ ಒಪ್ಪಿದ್ದರೆ ಅಪರಾಧವೇ ಇಲ್ಲ. ಕೂಡಿದ್ದು ವಿಧವೆಯ ಜೊತೆಗೆ, ಮದುವೆಯಾಗದ ಹೆಣ್ಣಿನ ಜೊತೆಗೆ ಆದರೆ ಅದೂ ಅಪರಾಧವಲ್ಲ. ತನ್ನ ಗಂಡ ಮತ್ತೊಬ್ಬಳ ಮನೆಗೆ ಹೋಗುತ್ತಾನೆ ಎಂದು ಹೆಂಡತಿ ದೂರು ಕೊಡುವಂತಿರಲಿಲ್ಲ. ಹಾಗಾದರೆ ಈ ಕಲಂ ಕಾಯುತ್ತಿದ್ದುದು ಏನನ್ನು? ದಾಂಪತ್ಯದ ನಿಷ್ಠೆಯನ್ನು ಕಾಯುತ್ತಿದ್ದರೆ ಗಂಡನ ಒಪ್ಪಿಗೆಯಿಂದ ತಪ್ಪು ಅಳಿಸಿಹೋಗುತ್ತಿರಲಿಲ್ಲ. ಹೊಲದೊಳಗೆ ದನ ಬಿಟ್ಟವನ ಮೇಲೆ ಹೊಲದೊಡೆಯ ದೂರುವ ರೀತಿಯೇ ಇದು. ಒಡೆಯ ಬಿಟ್ಟುಕೊಂಡರೆ ತಕರಾರಿಲ್ಲ. 1954ರಲ್ಲಿ, 1985ರಲ್ಲಿ, 1988ರಲ್ಲಿ ಸುಪ್ರೀಂ ಕೋರ್ಟ್ ಈ ಕಲಮನ್ನು ಎತ್ತಿಹಿಡಿಯಿತು. 1985ರ ತೀರ್ಪು ಬರೆದವರು ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್. 2018ರ ಸೆಪ್ಟೆಂಬರ್ 27ರಂದು ಐವರು ನ್ಯಾಯಮೂರ್ತಿಗಳ ಪೀಠ ಒಕ್ಕೊರಲಿನಿಂದ ಅದನ್ನು ರದ್ದು ಮಾಡಿದಾಗ ಪೀಠದಲ್ಲಿ ಅವರ ಮಗ ಡಿ.ವೈ. ಚಂದ್ರಚೂಡ್ ಇದ್ದರು. ಜೋಸೆಫ್ ಶೈನ್ ಪ್ರಕರಣವೆಂದು ಹೆಸರಾದ ಆ ತೀರ್ಪು ವಿಚ್ಛೇದನಕ್ಕೆ ಹಾದರ ಕಾರಣವಾಗಿ ಉಳಿಯುವುದನ್ನು ಒಪ್ಪಿತು, ಜೈಲಿಗೆ ಕಾರಣವಾಗುವುದನ್ನು ನಿರಾಕರಿಸಿತು. ಹೆಣ್ಣು ಗಂಡನ ಸ್ವತ್ತಲ್ಲ ಎನ್ನಲು ನಮಗೆ 158 ವರ್ಷ ಬೇಕಾಯಿತು.

ಆದರೆ ಕಲಮಿನ ಪಕ್ಷಪಾತವನ್ನು ತೆಗೆದು, ಗಂಡಿಗೂ ಹೆಣ್ಣಿಗೂ ಸಮನಾಗಿ ಶಿಕ್ಷೆ ಇಟ್ಟರೆ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಕೇಳುವವರು ಸಣ್ಣವರಲ್ಲ. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ನಮ್ಮವರೇ ಆದ ವಿ.ಎಸ್. ಮಳಿಮಠ ಅವರ ಅಧ್ಯಕ್ಷತೆಯ ಸಮಿತಿ 2003ರಲ್ಲಿ ಇದನ್ನೇ ಶಿಫಾರಸು ಮಾಡಿತ್ತು: ಮದುವೆಯನ್ನು ಕಾಪಾಡುವುದು ಉದ್ದೇಶವಾದರೆ ತಪ್ಪಿದ ಹೆಣ್ಣನ್ನು ಬಿಡಲು ಕಾರಣವೇನು ಎಂಬುದು ಅವರ ಪ್ರಶ್ನೆ. ಹೊಸ ಭಾರತೀಯ ನ್ಯಾಯ ಸಂಹಿತೆ ರೂಪುಗೊಳ್ಳುತ್ತಿದ್ದಾಗ, 2023ರ ನವೆಂಬರಿನಲ್ಲಿ, ಸಂಸತ್ತಿನ ಗೃಹ ವ್ಯವಹಾರಗಳ ಸ್ಥಾಯಿ ಸಮಿತಿಯೂ ಲಿಂಗಭೇದವಿಲ್ಲದೆ ಹಾದರವನ್ನು ಮತ್ತೆ ಅಪರಾಧ ಮಾಡಿ ಎಂದಿತು. ಸರ್ಕಾರ ಅದನ್ನು ಒಪ್ಪಲಿಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಸಂಹಿತೆಯಲ್ಲಿ ಹಾದರ ಇಲ್ಲ. ಜಗತ್ತೂ ಇದೇ ದಿಕ್ಕಿನಲ್ಲಿ ಹೋಗುತ್ತಿದೆ. ದಕ್ಷಿಣ ಕೊರಿಯಾ 2015ರಲ್ಲಿ, ತೈವಾನ್ 2020ರಲ್ಲಿ, 1907ರಿಂದ ಹಾದರದ ಕಾನೂನು ಇಟ್ಟುಕೊಂಡಿದ್ದ ನ್ಯೂಯಾರ್ಕ್ ರಾಜ್ಯ 2024ರಲ್ಲಿ ಇದನ್ನು ಕೈಬಿಟ್ಟವು.

ಮಳಿಮಠರ ಪ್ರಶ್ನೆ ನ್ಯಾಯವಾದದ್ದು, ಉತ್ತರವನ್ನು ನಾನು ಒಪ್ಪಲಾರೆ. ಮೋಸ ಹೋದವರ ನೋವು ಸಣ್ಣದೆಂದು ನಾನು ಹೇಳುತ್ತಿಲ್ಲ. ನಂಬಿದ ಮನೆಯ ನೆಲವೇ ಕುಸಿದಂತಾಗುತ್ತದೆ, ಅದನ್ನು ಕಂಡವರಿಗೆ ಗೊತ್ತು. ಆದರೆ ಗಂಡನೋ ಹೆಂಡತಿಯೋ ಜೈಲಿನಲ್ಲಿ ಕೂತರೆ ಆ ನೆಲ ಮತ್ತೆ ಎದ್ದು ನಿಲ್ಲುವುದಿಲ್ಲ. ಮಕ್ಕಳ ಶಾಲೆಯ ಫೀಸು ಕಟ್ಟುವ ಕೈಯೊಂದು ಕಡಿಮೆಯಾಗುತ್ತದೆ, ಅಷ್ಟೆ. ಸಮಾನ ಶಿಕ್ಷೆ ಎಂಬುದು ಕಾಗದದ ಮೇಲೆ ಸಮಾನ. ನಮ್ಮ ಹಳ್ಳಿಯಲ್ಲಿ ಹಾದರಗಿತ್ತಿ ಎಂಬ ಬೈಗುಳ ಎಳೆ ಮಕ್ಕಳ ಕಿವಿಗೂ ಬಿದ್ದಿದೆ. ಗಂಡಸಿಗೆ ಅಷ್ಟೇ ತೂಕದ ಬೈಗುಳ ಬೇಕೆಂದರೆ ಹುಡುಕಬೇಕು. ಅವನನ್ನು ‘ಗಂಡಸು, ಏನೋ ಮಾಡಿದ’ ಎಂದು ಬಿಟ್ಟುಬಿಡುತ್ತೇವೆ. ಹೆಣ್ಣಿಗೆ ಶಿಕ್ಷೆಯೇ ಇಲ್ಲದಿದ್ದ ಕಾಲದಲ್ಲೂ ಊರು ಅವಳನ್ನೇ ಶಿಕ್ಷಿಸಿತು. ಆ ಊರಿನ ಕೈಗೆ ಕಾನೂನಿನ ಕೋಲನ್ನೂ ಕೊಟ್ಟರೆ ಏಟು ಬೀಳುವುದು ಯಾರ ಬೆನ್ನಿಗೆ?

ಗಿರೀಶ ಕಾರ್ನಾಡರ ‘ನಾಗಮಂಡಲ’ವನ್ನು ನೋಡಿದವರಿಗೆ ಇದು ನೆನಪಿರುತ್ತದೆ. ಅಪ್ಪಣ್ಣ ಹೆಂಡತಿ ರಾಣಿಯನ್ನು ಮನೆಯೊಳಗೆ ಬೀಗ ಹಾಕಿ ದಿನವೂ ಸೂಳೆಯ ಮನೆಗೆ ಹೋಗುತ್ತಾನೆ. ರಾಣಿ ಬಸುರಾದಾಗ ಅವಳನ್ನು ಪಂಚಾಯ್ತಿಗೆ ಎಳೆಯುವವನೂ ಅವನೇ. ಹುತ್ತದೊಳಗೆ ಕೈಯಿಟ್ಟು ಹಾವು ಹಿಡಿದು ದಿವ್ಯಕ್ಕೆ ಒಳಗಾಗುವವಳು ರಾಣಿ. ನೀನು ರಾತ್ರಿ ಎಲ್ಲಿರುತ್ತೀಯ ಎಂದು ಅಪ್ಪಣ್ಣನನ್ನು ಆ ಸಭೆಯಲ್ಲಿ ಒಬ್ಬರೂ ವಿಚಾರಣೆಗೆ ನಿಲ್ಲಿಸುವುದಿಲ್ಲ.

ಸಾಕ್ಷ್ಯದ ತೊಡಕು ಬೇರೆ. ಮುಚ್ಚಿದ ಬಾಗಿಲ ಹಿಂದೆ ನಡೆದದ್ದನ್ನು ಸಾಬೀತು ಮಾಡಬೇಕಾದರೆ ಬೇಹು ನಡೆಸಲೇಬೇಕು. ನಮ್ಮ ರಾಜ್ಯದಲ್ಲೇ ಗಂಡನೊಬ್ಬ, ಹೆಂಡತಿಯ ಜೊತೆ ಸಂಬಂಧವಿದೆಯೆಂದು ತಾನು ಶಂಕಿಸಿದ ಮೂರನೆಯವನ ಮೊಬೈಲ್ ಟವರ್ ದಾಖಲೆ ತರಿಸಿಕೊಡಿ ಎಂದು ಕೇಳಿದ್ದ, ಕೌಟುಂಬಿಕ ನ್ಯಾಯಾಲಯ ಒಪ್ಪಿತ್ತು. 2022ರಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಆ ಆದೇಶವನ್ನು ರದ್ದು ಮಾಡಿದರು. ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ತೀರ್ಪು ಬಂದದ್ದೂ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯಿಂದಲೇ. ಬರಿಯ ವಿಚ್ಛೇದನದ ದಾವೆಯಲ್ಲೇ ಇಷ್ಟು ಇಣುಕಾಟ ಆಗುವುದಾದರೆ, ಹಾದರ ಅಪರಾಧವಾಗಿ ಪೊಲೀಸರೇ ತನಿಖೆಗೆ ಇಳಿದರೆ ಏನಾದೀತೆಂದು ಊಹಿಸಿ.

ಇಲ್ಲಿಯವರೆಗೆ ನಾನು ಸ್ವಾತಂತ್ರ್ಯವಾದಿಗಳ ಜೊತೆಗಿದ್ದೇನೆ. ಇನ್ನು ಮುಂದೆ ದಾರಿ ಬೇರೆಯಾಗುತ್ತದೆ. ಜೈಲು ತೆಗೆದುಹಾಕಿ, ಮಿಕ್ಕದ್ದನ್ನು ಇಬ್ಬರ ಕರಾರಿಗೆ ಬಿಟ್ಟುಬಿಡಿ ಎನ್ನುತ್ತಾರಲ್ಲ, ಆ ‘ಇಬ್ಬರು’ ನಿಜಕ್ಕೂ ಇಬ್ಬರೇ? ನಮ್ಮ ರೂಢಿಯಲ್ಲಿ ಮದುವೆ ಯಾವತ್ತೂ ಕರಾರಾಗಿಯೇ ಇತ್ತು. ಎಚ್.ವಿ. ನಂಜುಂಡಯ್ಯ ಮತ್ತು ಎಲ್.ಕೆ. ಅನಂತಕೃಷ್ಣ ಅಯ್ಯರ್ ಹೊರತಂದ ಮೈಸೂರಿನ ಬುಡಕಟ್ಟು, ಜಾತಿಗಳ ಸಂಪುಟಗಳನ್ನು ತಿರುವಿದರೆ ದುಡಿಯುವ ಜಾತಿಗಳಲ್ಲಿ ಹೆಣ್ಣಿಗೆ ತೆರ ಕೊಡುವ ಪದ್ಧತಿ, ಬಿಟ್ಟ ಹೆಣ್ಣೋ ವಿಧವೆಯೋ ಮತ್ತೊಬ್ಬನನ್ನು ಕಟ್ಟಿಕೊಳ್ಳುವ ಕೂಡಿಕೆ, ಸೀರೆ ಉಡಿಕೆ ಮತ್ತೆಮತ್ತೆ ಎದುರಾಗುತ್ತವೆ. ಮೇಲ್ಜಾತಿಯ ಹೆಣ್ಣಿಗೆ ಸಾಯುವ ತನಕ ಬಿಡುಗಡೆಯಿಲ್ಲದ ಕಾಲದಲ್ಲಿ ಈ ಹೆಣ್ಣುಮಕ್ಕಳಿಗೆ ಹೊರಬರಲು ಬಾಗಿಲಿತ್ತು, ಇನ್ನೊಂದು ಮನೆಗೆ ಹೋಗಲು ದಾರಿಯಿತ್ತು. ಇದು ಹೆಮ್ಮೆಯ ವಿಷಯ, ಸಂದೇಹವಿಲ್ಲ. ಆದರೆ ಹೆಣ್ಣು ಬೇರೊಬ್ಬನ ಜೊತೆ ಹೋದಾಗ ತೆರ ಮರಳಿ ಸೇರುತ್ತಿದ್ದುದು ಮೊದಲ ಗಂಡನಿಗೆ. ದಂಡ ಸೇರುತ್ತಿದ್ದುದು ಕುಲದ ಹಿರಿಯರಿಗೆ. ಕೊಟ್ಟವನು ಗಂಡಸು, ತೆಗೆದುಕೊಂಡವನು ಗಂಡಸು, ತೀರ್ಮಾನ ಹೇಳಿದವರು ಗಂಡಸರು. ಕೂಡಿಕೆಯಾದವಳನ್ನು ಶುಭಕಾರ್ಯದ ಮುಂದಿನ ಸಾಲಿಗೆ ಕರೆಯುತ್ತಿರಲಿಲ್ಲ. ಅವಳು ಆ ಕರಾರಿನ ವಿಷಯವಾಗಿದ್ದಳು, ಪಕ್ಷಗಾರಳಾಗಿರಲಿಲ್ಲ.

ಇಂದಿನ ಬಿಡುಗಡೆ ಪತ್ರದಲ್ಲೂ ಆ ವಾಸನೆ ಹೋಗಿಲ್ಲ. ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆಯಿದೆ. ಆ ಸೀರೆ ನೇಯುವ ಮನೆಯೊಂದನ್ನು ನೆನೆಸಿಕೊಳ್ಳಿ. ಗುಂಡಿಯ ಮಗ್ಗದಲ್ಲಿ ಕೂತು ಲಾಳಿ ಎಳೆಯುವವನು ಗಂಡ. ನಸುಕಿಗೇ ಎದ್ದು ನೂಲು ಬಿಡಿಸುವವಳು, ಕಂಡಿಕೆ ಸುತ್ತಿಕೊಡುವವಳು, ಮುರಿದ ಎಳೆ ಹುಡುಕಿ ಗಂಟು ಹಾಕುವವಳು ಹೆಂಡತಿ. ಸೀರೆಗೆ ಬರುವ ಕೂಲಿ ಒಂದೇ, ಅದು ಗಂಡನ ಹೆಸರಿಗೆ. ಮಗ್ಗ ಅವನ ಹೆಸರಿಗೆ, ಮನೆ ಅವನ ಅಪ್ಪನ ಹೆಸರಿಗೆ. ಶೇಂಗಾ ಹೊಲದ ಮನೆಯಲ್ಲೂ ಇದೇ ಕತೆ: ಕಳೆ ಕೀಳುವುದು, ಕಾಯಿ ಬಿಡಿಸುವುದು ಅವಳು, ಪಹಣಿ ಅವನದು. ಇಪ್ಪತ್ತು ವರ್ಷ ಹೀಗೆ ದುಡಿದವಳು ಗಂಡ ಮತ್ತೊಬ್ಬಳನ್ನು ಇಟ್ಟುಕೊಂಡನೆಂದು ಹೊರಬಂದರೆ, ಅವಳ ಪಾಲಿಗೆ ಬರುವುದು ತವರಿನವರು ಹಾಕಿದ ಬಂಗಾರದಲ್ಲಿ ಅಡವಿಗೆ ಹೋಗದೆ ಉಳಿದಿದ್ದು. ಸಹಿ ಹಾಕದಿದ್ದರೆ ಅದೂ ಇಲ್ಲ. ಹೀಗೆ ಒತ್ತಿದ ಹೆಬ್ಬೆಟ್ಟನ್ನು ಸ್ವತಂತ್ರ ಒಪ್ಪಿಗೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಎದ್ದುಹೋಗಲು ಬೇರೆ ಸೂರಿಲ್ಲದವರು ಒಪ್ಪಿದ್ದು ಒಪ್ಪಿಗೆಯಲ್ಲ.

ರಾತ್‌ಬಾರ್ಡನ ತರ್ಕವನ್ನೇ ಹಿಡಿದು ಹೊರಟರೂ ಅದು ಈ ಮಗ್ಗದ ಮನೆಗೆ ಬಂದು ನಿಲ್ಲುತ್ತದೆ. ಸ್ವತ್ತು ಕೈ ಬದಲಾಗಿದ್ದರೆ ವಾಪಸು ಕೇಳಬಹುದು ಎಂದಾದರೆ, ಅವಳ ಇಪ್ಪತ್ತು ವರ್ಷದ ದುಡಿಮೆ ಆ ಮನೆಗೆ ಸೇರಿದೆಯಲ್ಲ, ಅದರ ಲೆಕ್ಕ ಎಲ್ಲಿ? ನನ್ನ ವಾದವೆಲ್ಲ ಇಲ್ಲಿದೆ. ದಾಂಪತ್ಯದ ಮಾತು ಮುರಿದಾಗ ಕಾನೂನು ಮೈಯನ್ನು ವಿಚಾರಿಸುವುದನ್ನು ಬಿಟ್ಟು ಮನೆಯ ಲೆಕ್ಕವನ್ನು ವಿಚಾರಿಸಬೇಕು. ಮದುವೆಯಾದ ಮೇಲೆ ಇಬ್ಬರೂ ಸೇರಿ ಗಳಿಸಿದ್ದು ಇಬ್ಬರದು, ತಪ್ಪು ಯಾರದೇ ಇರಲಿ.

ಇದು ಆಗದ ಮಾತಲ್ಲ. ಪಕ್ಕದ ಗೋವಾದಲ್ಲಿ ಪೋರ್ಚುಗೀಸರ ಕಾಲದ ನಾಗರಿಕ ಸಂಹಿತೆ ಇಂದಿಗೂ ನಡೆಯುತ್ತಿದೆ. ಮದುವೆಗೆ ಮುಂಚೆ ಆಸ್ತಿಯ ಬಗ್ಗೆ ಕರಾರು ಬರೆದುಕೊಳ್ಳಬಹುದು. ಬರೆಯದಿದ್ದರೆ ಆಸ್ತಿ ಇಬ್ಬರದೂ ಎಂದು ಕಾನೂನೇ ಹಿಡಿಯುತ್ತದೆ. ಬರೆಯದಿದ್ದರೆ ಏನು ಎಂಬುದೇ ಮುಖ್ಯ, ಏಕೆಂದರೆ ನಮ್ಮಲ್ಲಿ ಲಗ್ನಪತ್ರಿಕೆ ಬಿಟ್ಟರೆ ಮದುವೆಗೆ ಮುಂಚೆ ಬೇರೇನನ್ನೂ ಯಾರೂ ಬರೆಯುವುದಿಲ್ಲ. ಗಂಡನ ಸ್ವತ್ತಿನಲ್ಲಿ ಹೆಂಡತಿಗೆ ಪಾಲು ಕೊಡುವ ಮಸೂದೆಯನ್ನು ರಾಜ್ಯಸಭೆ 2013ರಲ್ಲಿ ಅಂಗೀಕರಿಸಿತ್ತು. ಮರುವರ್ಷ ಲೋಕಸಭೆ ವಿಸರ್ಜನೆಯಾಗಿ ಅದು ಬಿದ್ದುಹೋಯಿತು, ಮತ್ತೆ ಏಳಲಿಲ್ಲ. ಈ ವಿಷಯದಲ್ಲಿ ನಮ್ಮ ನಾಡು ಹಿಂದೆ ಬಿದ್ದದ್ದಲ್ಲ: 1933ರಲ್ಲೇ ಮೈಸೂರು ಸಂಸ್ಥಾನ ಹಿಂದೂ ಹೆಣ್ಣುಮಕ್ಕಳ ಆಸ್ತಿ ಹಕ್ಕಿಗೆ ಕಾಯ್ದೆ ತಂದಿತ್ತು, ಕೇಂದ್ರ 2005ರಲ್ಲಿ ಮಾಡಿದ್ದನ್ನು ಕರ್ನಾಟಕ 1994ರಲ್ಲೇ ಮಾಡಿ ಹೆಣ್ಣುಮಕ್ಕಳನ್ನು ಪಿತ್ರಾರ್ಜಿತದಲ್ಲಿ ಸಮಾನ ಹಕ್ಕುದಾರರನ್ನಾಗಿಸಿತ್ತು. ಆದರೆ ರಾಂಪುರದ ನಾಯಕರ ಹೆಣ್ಣುಮಗಳಿಗೆ ಅಲ್ಲೂ ಅದೇ ಗೋಡೆ. ಹಿಂದೂ ಉತ್ತರಾಧಿಕಾರ ಕಾಯ್ದೆಯೂ ಪರಿಶಿಷ್ಟ ಪಂಗಡಗಳನ್ನು ಹೊರಗಿಟ್ಟಿದೆ. ಅದನ್ನು ಮರುಪರಿಶೀಲಿಸಿ ಎಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರಿನಲ್ಲಿ ಕೇಂದ್ರಕ್ಕೆ ಹೇಳಿತು. ರೂಢಿಯನ್ನು ಗೌರವಿಸುವ ಹೆಸರಿನಲ್ಲಿ ಬಿಟ್ಟ ಜಾಗದಲ್ಲಿ ಹೆಣ್ಣು ಬರಿಗೈಯಲ್ಲಿ ನಿಂತಿದ್ದಾಳೆ.

ಜೈಲು ಹೋಯಿತೆಂದು ಸಮಾಧಾನ ಪಡುವವರಿಗೆ ಇನ್ನೊಂದು ಮಾತು. ಹಳೆಯ ಕಲಮಿನ ಬೇರುಗಳು ಇನ್ನೂ ನೆಲದಲ್ಲಿವೆ. ಪರರ ಹೆಂಡತಿಯನ್ನು ಪುಸಲಾಯಿಸಿ ಕರೆದೊಯ್ದವನಿಗೆ 2 ವರ್ಷದವರೆಗೆ ಶಿಕ್ಷೆ ವಿಧಿಸುವ ಕಲಂ ಹೊಸ ಸಂಹಿತೆಯಲ್ಲಿ 84ನೆಯದಾಗಿ ಉಳಿದುಕೊಂಡಿದೆ. ಅದರ ಭಾಷೆಯಲ್ಲಿ ಹೆಂಡತಿ ಈಗಲೂ ಕದ್ದೊಯ್ಯಬಹುದಾದ ವಸ್ತು. ಜೀವನಾಂಶ ಕೊಡಿಸುವ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಲ್ಲಿ, ಹಾದರದಲ್ಲಿ ಬದುಕುತ್ತಿರುವ ಹೆಂಡತಿಗೆ ಜೀವನಾಂಶವಿಲ್ಲ ಎಂಬ ಉಪಕಲಂ ಹಾಗೇ ಇದೆ. ಮದುವೆಯೊಳಗಿನ ಬಲಾತ್ಕಾರಕ್ಕೆ ಕೊಟ್ಟ ವಿನಾಯಿತಿಯೂ ಹೊಸ ನ್ಯಾಯ ಸಂಹಿತೆಯ 63ನೇ ಕಲಮಿನಲ್ಲಿ ಮುಂದುವರಿದಿದೆ. 2022ರ ಮಾರ್ಚಿನಲ್ಲಿ ಕರ್ನಾಟಕ ಹೈಕೋರ್ಟ್, ಹೆಂಡತಿಯ ಮೇಲೆ ಅತ್ಯಾಚಾರದ ಆರೋಪ ಹೊತ್ತ ಗಂಡನ ಮೇಲಿನ ಮೊಕದ್ದಮೆಯನ್ನು ಕೈಬಿಡಲು ಒಪ್ಪಲಿಲ್ಲ. ಮದುವೆ ಯಾರಿಗೂ ಕ್ರೌರ್ಯದ ಪರವಾನಗಿ ಕೊಡುವುದಿಲ್ಲ ಎಂಬ ನಿಲುವು ತಳೆಯಿತು. ಆ ವಿಚಾರಣೆಗೆ ಸುಪ್ರೀಂ ಕೋರ್ಟ್ ತಡೆ ನೀಡಿತು. ಬೇರೊಬ್ಬನ ಜೊತೆ ಒಪ್ಪಿ ಮಲಗಿದ್ದು ಅಪರಾಧವಲ್ಲ ಎಂದು ಹೇಳಿದ ಕಾನೂನು, ಗಂಡ ಒಪ್ಪಿಗೆಯಿಲ್ಲದೆ ಮೇಲೆ ಬಿದ್ದದ್ದನ್ನು ಅಪರಾಧ ಎನ್ನಲು ಇನ್ನೂ ಹಿಂಜರಿಯುತ್ತಿದೆ. ಕರಾರು ಎಂದರೆ ಒಪ್ಪಿಗೆ ಎನ್ನುವ ಸ್ವಾತಂತ್ರ್ಯವಾದಿ ಮೊದಲು ದನಿ ಎತ್ತಬೇಕಾದದ್ದು ಇಲ್ಲಿ.

ಹಾಗಾದರೆ ಗಂಡ ಹೆಂಡಿರೇ, ತಪ್ಪಿದವರು ಇಂತಿಷ್ಟು ಹಣ ಕೊಡಬೇಕೆಂದು ಮೊದಲೇ ಬರೆದುಕೊಂಡರೆ? ಕ್ಯಾಲಿಫೋರ್ನಿಯಾದಲ್ಲಿ ಒಂದು ಜೋಡಿ ಹಾಗೆ ಮಾಡಿತ್ತು: ದ್ರೋಹಕ್ಕೆ 50,000 ಡಾಲರ್. 2002ರಲ್ಲಿ ಅಲ್ಲಿನ ಕೋರ್ಟ್ ಅದನ್ನು ಜಾರಿ ಮಾಡಲು ಒಪ್ಪಲಿಲ್ಲ. ನಾನೂ ಒಪ್ಪುತ್ತಿರಲಿಲ್ಲ. ದಂಡ ವಸೂಲಾಗಬೇಕಾದರೆ ದ್ರೋಹ ಸಾಬೀತಾಗಬೇಕು, ಆಗ ಮತ್ತೆ ಅದೇ ಬೇಹುಗಾರಿಕೆ. ಮೂರನೆಯವರ ಮೇಲೆ ಪರಿಹಾರದ ದಾವೆ ಹೂಡುವ ದಾರಿಯೊಂದು ಈಗ ತೆರೆಯುತ್ತಿದೆ. ಅಂಥ ದಾವೆಯನ್ನು ವಿಚಾರಣೆಗೆ ತೆಗೆದುಕೊಳ್ಳಬಹುದು ಎಂದು ದೆಹಲಿ ಹೈಕೋರ್ಟ್ 2025ರಲ್ಲಿ ಹೇಳಿದೆ. ಇದು ಹಿಂದಕ್ಕೆ ಇಟ್ಟ ಹೆಜ್ಜೆ. ಮಾತು ಕೊಟ್ಟವರು ಗಂಡ ಹೆಂಡಿರು, ಮೂರನೆಯವರಲ್ಲ. ಅವರಿಂದ ಹಣ ಕೇಳುವುದು ಎಂದರೆ ತೆರ ಮರಳಿ ಕೇಳಿದ ಹಾಗೆಯೇ.

ಕೊಟ್ಟ ಮಾತಿಗೆ ಬೆಲೆಯೇ ಇಲ್ಲವೇ ಎಂದು ಕೇಳಿದರೆ, ಇದೆ, ಬಹಳ ಇದೆ. 1966ರಲ್ಲಿ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿಯವರ ಮದುವೆಗೆಂದು ಕುವೆಂಪು ರೂಪಿಸಿದ ಮಂತ್ರಮಾಂಗಲ್ಯದಲ್ಲಿ ಪುರೋಹಿತರಿಲ್ಲ, ಕನ್ಯಾದಾನವಿಲ್ಲ. ಸಮಾನರಾಗಿ ನಿಂತ ಇಬ್ಬರು ತಾವೇ ಮಾಡುವ ಪ್ರತಿಜ್ಞೆ ಇದೆ. ಆ ಪ್ರತಿಜ್ಞೆಯ ಹಿಂದೆ ಪೊಲೀಸರಿಲ್ಲ. ಇದೇ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ಧಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಎರಡು ಸಾವಿರದ ಮುನ್ನೂರು ವರ್ಷದ ಕೆಳಗೆ ಅಶೋಕ ಬರೆಸಿದ ಶಾಸನವೂ ಹಾಗೆಯೇ: ತಂದೆ ತಾಯಿಯ ಮಾತು ಕೇಳುವುದು, ಜೀವಿಗಳ ಮೇಲೆ ದಯೆ, ನಿಜ ನುಡಿಯುವುದು, ಬಂಧುಗಳೊಡನೆ ತಕ್ಕ ನಡತೆ ಎಂದು ಧರ್ಮದ ಗುಣಗಳನ್ನು ಹೇಳುತ್ತದೆ, ತಪ್ಪಿದವರಿಗೆ ಯಾವ ದಂಡವನ್ನೂ ಹೇಳುವುದಿಲ್ಲ. ಕಳಿಂಗದಲ್ಲಿ ರಕ್ತ ಹರಿಸಿದ ಸಾಮ್ರಾಟನಿಗೆ ಶಿಕ್ಷಿಸುವ ಬಲ ಇರಲಿಲ್ಲವೆಂದಲ್ಲ. ನಿಜ ನುಡಿಯುವುದು ಜೈಲಿನ ಭಯದಿಂದ ಬರುವ ಗುಣವಲ್ಲ.

ಕಾಯ್ದೆ ಬದಲಾಗಲು ಕಾಲ ಬೇಕು. ಛಾಪಾ ಕಾಗದ ಬರೆಯುವ ಕೈಗೆ ಅಷ್ಟು ಕಾಲ ಬೇಕಿಲ್ಲ. ಅದಕ್ಕೇ ರಾಂಪುರದ, ಸುತ್ತಲ ಹಟ್ಟಿಗಳ ಹಿರಿಯರಲ್ಲಿ ಕೇಳಿಕೊಳ್ಳುತ್ತೇನೆ: ಮುಂದಿನ ಸಲ ಬಿಡುಗಡೆಗೆ ಕೂತಾಗ ಆ ಹೆಣ್ಣುಮಗಳನ್ನು ಬಾಗಿಲ ಮರೆಯಲ್ಲಿ ನಿಲ್ಲಿಸಬೇಡಿ, ಕಟ್ಟೆಯ ಮೇಲೆ ಕೂರಿಸಿ. ಯಾರು ಯಾರ ಜೊತೆ ಹೋದರು ಎಂಬುದನ್ನು ಕಾಗದಕ್ಕೆ ಏರಿಸಬೇಡಿ. ಮಗ್ಗ ಯಾರಿಗೆ, ಹೊಲದ ಬೆಳೆಯಲ್ಲಿ ಯಾರಿಗೆ ಎಷ್ಟು, ಮಕ್ಕಳ ಖರ್ಚು ಯಾರದು, ಬಂಗಾರ ಎಲ್ಲಿದೆ ಎಂಬುದನ್ನು ಬರೆಯಿರಿ. ಬರೆದದ್ದನ್ನು ಅವಳಿಗೆ ಓದಿ ಹೇಳಿ. ಸಹಿಯಾದ ಮೇಲೆ ಒಂದು ಪ್ರತಿ ಅವಳ ಕೈಗೆ ಕೊಡಿ.